ನಮ್ಮೋರೇ ಕುರ್ಚಿಲಿದ್ರೆ ನಮ್ಮ ಕೆಲಸ ಆಗುತ್ತಾ?

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜು ಮುಕ್ಕಾಲು ಪಾಲು ಒಂದೇ ವಿಷಯದ್ದು. ಸರ್ಕಾರಿ ಆಫೀಸಲ್ಲಿ ಕೂತಿರೋರು ನಮ್ಮ ಜಾತಿಯೋರೋ ನಮ್ಮ ಊರಿನೋರೋ ನಮ್ಮ ಭಾಷೆಯೋರೋ ಆದ್ರೆ ಏನಾಗುತ್ತೆ ಅಂತ. ಹಾಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಇವನ್ನ ಮಾತ್ರ ತಗೊಂಡಿದೀನಿ. ಕೆಲವರು ಹೆಸರು ಹಾಕ್ಬೇಡಿ ಅಂದಿದ್ರು, ಅವರದ್ದು ಬಿಟ್ಟು ಇವರದ್ದು ಹಾಕೋದು ಯಾಕೆ ಅಂತ ಎಲ್ಲರದ್ದೂ ಊರಷ್ಟೇ ಹಾಕಿದೀನಿ.

ನಮ್ಮಪ್ಪ ತೀರ್ಕೊಂಡು ಎರಡು ವರ್ಷ ಆಯ್ತು, ಜಮೀನು ನಮ್ಮ ಹೆಸರಿಗೆ ಬರೋ ಪೌತಿ ಖಾತೆ ಇನ್ನೂ ಆಗಿಲ್ಲ. ಈಗ ತಾಲ್ಲೂಕಿಗೆ ಬಂದಿರೋ ಆಫೀಸರ್ ನಮ್ಮ ಜನಾಂಗದೋರಂತೆ. ಚಿಕ್ಕಪ್ಪ ದಿನಾ "ಹೋಗಿ ಇಂಥೋರ ಪೈಕಿ ಅಂತ ಹೇಳೋ, ಒಂದೇ ವಾರಕ್ಕೆ ಮಾಡ್ಕೊಡ್ತಾರೆ" ಅಂತಿದಾರೆ. ನಂಗೆ ಒಂಥರಾ ಮುಜುಗರ. ನಿಜವಾಗ್ಲೂ ಹಾಗೆಲ್ಲ ನಡೆಯುತ್ತಾ?
— ಗುಬ್ಬಿ ತಾಲ್ಲೂಕು

ನಡೆಯಲ್ಲ ಅಂದ್ರೆ ನೀವೂ ನಂಬಲ್ಲ, ರೆವಿನ್ಯೂ ಇಲಾಖೇಲೇ ಕೂದಲು ಬೆಳ್ಳಗೆ ಮಾಡ್ಕೊಂಡಿರೋ ನಾನೂ ನಂಬಲ್ಲ. ಆದ್ರೆ ಎಲ್ಲಿ ನಡೆಯುತ್ತೆ, ಎಲ್ಲಿ ನಡೆಯಲ್ಲ ಅನ್ನೋದು ಚಿಕ್ಕಪ್ಪನಿಗೆ ಗೊತ್ತಿಲ್ಲ ಅನ್ಸುತ್ತೆ.

ನಾಡಕಚೇರಿ ಕೌಂಟರ್ ಮುಂದೆ ಅರ್ಧ ಗಂಟೆ ಸುಮ್ನೆ ನಿಂತ್ಕೊಂಡು ನೋಡಿ. ಒಬ್ಬರು ಬರ್ತಾರೆ, ಒಳಗಿರೋರು "ಯಾವೂರು? ಓ, ಯಾರ ಪೈಕಿ?" ಅಂತಾರೆ, ಎರಡು ಮಾತಾಡ್ತಿದ್ದ ಹಾಗೇ ಕುರ್ಚಿ ಬರುತ್ತೆ, ಆಮೇಲೆ ಡೆತ್ ಸರ್ಟಿಫಿಕೇಟು ತಂದ್ರಾ, ವಂಶವೃಕ್ಷ ಮಾಡ್ಸಿದ್ರಾ, ಪಹಣೀಲಿ ಹೆಸರು ಒಂಥರಾ ಆಧಾರ್‌ನಲ್ಲಿ ಒಂಥರಾ ಇದೆಯಲ್ಲ ಅದಕ್ಕೆ ಅಫಿಡವಿಟ್ ಮಾಡ್ಸಿ ಅಂತ ಬೇಕಾಗಿದ್ದೆಲ್ಲಾ ಒಂದೇ ಸಲಕ್ಕೆ ಹೇಳಿ ಕಳಿಸ್ತಾರೆ. ಅವರ ಹಿಂದೆ ನಿಂತಿದ್ದೋರಿಗೆ "ವಂಶವೃಕ್ಷ ತಗೊಂಬನ್ನಿ" ಅಷ್ಟೇ, ಅದನ್ನ ತಂದಾಗ "ಆಧಾರ್ ಎಲ್ಲಿ", ಅದನ್ನ ತಂದಾಗ ಸರ್ವರ್ ಡೌನು. ಇಬ್ಬರಿಗೂ ಯಾರೂ ರೂಲ್ಸ್ ಮೀರಿ ಏನೂ ಮಾಡಿಲ್ಲ, ಲಂಚಾನೂ ಇಲ್ಲ, ಆದ್ರೂ ಒಬ್ಬರದ್ದು ಬೇಗ ಮುಗಿಯುತ್ತೆ ಇನ್ನೊಬ್ಬರದ್ದು ವರ್ಷ ಎಳೆಯುತ್ತೆ. ಜಾತಿ, ಊರು, ಪರಿಚಯ ಎಲ್ಲಾ ಕೆಲಸ ಮಾಡೋದು ಬಹುತೇಕ ಇಲ್ಲೇ, ನಿಮ್ಮ ಕಾಗದ ಇನ್ನೂ ಅರ್ಜಿ ಅಂತ ಆಗೋಕೆ ಮುಂಚೆ.

ಅರ್ಜಿ ಒಳಗೆ ಹೋದ ಮೇಲೆ ಅದರ ಜೋರು ಕಮ್ಮಿ ಆಗುತ್ತೆ. 2000ದ ಆಸುಪಾಸಲ್ಲಿ ಭೂಮಿ ಪ್ರಾಜೆಕ್ಟ್ ಬಂದಾಗ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಯ್ತು, ಜೊತೆಗೆ ಮ್ಯುಟೇಷನ್ನಿಗೆ, ಅಂದ್ರೆ ಪಹಣೀಲಿ ಹೆಸರು ಬದಲಾಯಿಸೋದಕ್ಕೆ, ಮೊದಲು ಬಂದೋರದ್ದು ಮೊದಲು ಅನ್ನೋ ಕಟ್ಟುಪಾಡು ಸಾಫ್ಟ್‌ವೇರಲ್ಲೇ ಹಾಕಿದ್ರು. ಅದಕ್ಕೆ ಮುಂಚೆ ಪಹಣಿ ಪುಸ್ತಕ ಇರ್ತಿದ್ದಿದ್ದು ವಿಲೇಜ್ ಅಕೌಂಟೆಂಟ್ ಕಂಕುಳಲ್ಲಿ, ಅದಕ್ಕೂ ಮುಂಚೆ ಶಾನುಭೋಗರ ಮನೇಲಿ. ಶಾನುಭೋಗಿಕೆ, ಪಟೇಲಿಕೆ ಎಲ್ಲಾ ವಂಶಪಾರಂಪರ್ಯ, ಅವನ್ನ ರದ್ದು ಮಾಡೋ 1961ರ ಕಾಯ್ದೆ ಬಂದು 1963ರಲ್ಲಿ ಜಾರಿ ಆಗೋವರೆಗೂ ಒಂದೇ ಮನೆತನದೋರು ಇಡೀ ಊರಿನ ಭೂಮಿ ಲೆಕ್ಕ ಬರೀತಿದ್ರು. ಅವರು ಊರಿನೋರೇ, ಎಲ್ಲರ ಹೆಸರೂ ಗೊತ್ತಿದ್ದೋರೇ, ಆದ್ರೆ ಗೇಣಿ ಮಾಡೋನ ಹೆಸರು ಪಹಣಿ ಕಾಲಂನಲ್ಲಿ ಯಾಕೆ ಬರ್ತಿರ್ಲಿಲ್ಲ ಅಂತ ನಿಮ್ಮೂರಿನ ಹಳಬರನ್ನ ಕೇಳಿ ನೋಡಿ.

ಇನ್ನೊಂದು ವಿಷಯ, ನಿಮಗೆ ಇಷ್ಟ ಆಗದೇ ಇರಬಹುದು. ನಿಮಗೆ ಅಕ್ಕ ತಂಗಿ ಇದಾರಾ? ಪೌತಿ ಖಾತೇಲಿ ನಾನು ಅತಿ ಹೆಚ್ಚು ನೋಡಿರೋ "ನಮ್ಮೋರು" ಅಡ್ಜಸ್ಟ್‌ಮೆಂಟ್ ಯಾವುದು ಅಂದ್ರೆ ಮದುವೆ ಆಗಿ ಹೋಗಿರೋ ಹೆಣ್ಮಕ್ಕಳ ಹೆಸರು ವಂಶವೃಕ್ಷದಿಂದ ಮೆತ್ತಗೆ ಬಿಟ್ಟುಹೋಗೋದು. ಮಹಜರಿಗೆ ಬರೋರೂ ಅದೇ ಜನಾಂಗ, ಸಾಕ್ಷಿ ಹಾಕೋರೂ ಅದೇ ಬೀದಿ, ಎಲ್ಲರೂ ಗಂಡಸರು, "ಅವಳಿಗೆ ಮದುವೇಲೇ ಕೊಟ್ಟಾಯ್ತಲ್ಲ ಬಿಡಿ ಸಾರ್" ಅಂದ್ರೆ ಸಾರೂ ತಲೆ ಆಡಿಸ್ತಾರೆ, ಯಾಕಂದ್ರೆ ಅವರ ಮನೇಲೂ ಅದೇ ಪದ್ಧತಿ. ಕರ್ನಾಟಕದಲ್ಲಿ 1994ರಿಂದ, ಇಡೀ ದೇಶಕ್ಕೆ 2005ರಿಂದ ಹಿಂದೂ ಹೆಣ್ಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಇದೆ. ಒಂದೇ ಜಾತಿ ಅನ್ನೋದು ಅಣ್ಣನಿಗೆ ಅನುಕೂಲ ಆಯ್ತು, ಅದೇ ಜಾತಿಯ ತಂಗಿಗೆ ಏನೂ ಆಗ್ಲಿಲ್ಲ.

ಹಾಗಂತ ಒಂದೇ ಸಮುದಾಯದೋರು ಇದ್ರೆ ಬರೀ ಪಕ್ಷಪಾತ ಅಂತಾನೂ ಹೇಳೋಕಾಗಲ್ಲ. 2017ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ನಮ್ಮ ದೇಶದ ಒಂದು ಸರ್ಕಾರಿ ಬ್ಯಾಂಕಿನ ಸಾಲದ ಲೆಕ್ಕ ತೆಗೆದು ನೋಡಿದ್ರು, ಮ್ಯಾನೇಜರುಗಳು ಟ್ರಾನ್ಸ್‌ಫರ್ ಆಗ್ತಾನೇ ಇರ್ತಾರಲ್ಲ, ಹಾಗೆ ಹೊಸಬರು ಬಂದಾಗ ಅವರ ಜಾತಿ ಧರ್ಮದ ಗಿರಾಕಿಗಳಿಗೆ ಏನಾಗುತ್ತೆ ಅಂತ. ಸಾಲ ಜಾಸ್ತಿ ಸಿಕ್ಕಿತ್ತು, ಅದು ಎಲ್ಲರೂ ಊಹಿಸೋದೇ. ಆದ್ರೆ ಆ ಸಾಲ ವಾಪಸ್ ಬಂದಿದ್ದೂ ಚೆನ್ನಾಗೇ ಇತ್ತು. ಅಂದ್ರೆ ಯಾರು ತೀರಿಸ್ತಾರೆ ಯಾರು ತೀರಿಸಲ್ಲ ಅನ್ನೋದು ಮ್ಯಾನೇಜರಿಗೆ ತನ್ನ ಜನದ ವಿಷಯದಲ್ಲಿ ಚೆನ್ನಾಗಿ ಗೊತ್ತಿರುತ್ತೆ ಅಂತ ಕಾಣುತ್ತೆ. ಉಳಿದೋರು ಅಷ್ಟೇ ಯೋಗ್ಯರಿದ್ರೂ ಅವರನ್ನ ಗುರುತಿಸೋರು ಇಲ್ಲ.

ನೀವು ಹೋಗಿ, ಜಾತಿ ಹೇಳ್ಬೇಡಿ, "ಯಾವ್ಯಾವ ಕಾಗದ ಬೇಕು, ಎಲ್ಲಾ ಒಂದೇ ಸಲ ಬರೆದುಕೊಡಿ ಸಾರ್" ಅಂತ ಕೇಳಿ. ಅಕ್ಕ ತಂಗಿ ಇದ್ರೆ ಹೆಸರು ಸೇರಿಸಿ.

ಮೈಸೂರು ಸಂಸ್ಥಾನದಲ್ಲಿ ಬರೀ ಮೆರಿಟ್ ಮೇಲೆ ಕೆಲಸ ಕೊಡ್ತಿದ್ರು, ಜಾತಿ ಲೆಕ್ಕ ಎಲ್ಲಾ ಸ್ವಾತಂತ್ರ್ಯ ಬಂದಮೇಲೆ ರಾಜಕಾರಣಿಗಳು ತಂದಿದ್ದು ಅಂತ ನಮ್ಮ ವಾಕಿಂಗ್ ಗ್ರೂಪಲ್ಲಿ ದಿನಾ ಚರ್ಚೆ. ಹೌದಾ?
— ಮೈಸೂರು, ಕುವೆಂಪುನಗರ

ಅಲ್ಲ. ಆ ಜಗಳ ನಿಮ್ಮೂರಲ್ಲೇ ನೂರು ವರ್ಷದ ಹಿಂದೆ ಆಗಿದೆ. ಅದೂ ಎರಡು ಸುತ್ತು.

ಮೊದಲನೇ ಸುತ್ತು ಜಾತಿದಲ್ಲ, ಊರಿಂದು. ರಂಗಾಚಾರ್ಲು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ ಮದ್ರಾಸ್ ಕಡೆಯಿಂದ ಬಂದ ಬ್ರಾಹ್ಮಣ ಅಧಿಕಾರಿಗಳು ದೊಡ್ಡ ದೊಡ್ಡ ಹುದ್ದೇಲಿದ್ರು, ಅದಕ್ಕೆ ಮೊದಲು ಸಿಟ್ಟಾಗಿದ್ದು ಯಾರು ಅಂದ್ರೆ ಮೈಸೂರಿನ ಬ್ರಾಹ್ಮಣರೇ. ಮೈಸೂರು ಮೈಸೂರಿಗರಿಗೆ ಅನ್ನೋ ಕೂಗು ಅಲ್ಲಿಂದ ಬಂದಿದ್ದು. ಒಂದೇ ಜಾತಿ ಆಗಿದ್ದು ಅಲ್ಲಿ ಯಾರಿಗೂ ಲೆಕ್ಕಕ್ಕೇ ಬರ್ಲಿಲ್ಲ ನೋಡಿ. ಎರಡನೇ ಸುತ್ತು 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿದ ಮೇಲೆ. ಸ್ಥಳೀಯರು ಬಂದ್ರೂ ಎಲ್ಲಾ ಒಂದೇ ಜಾತಿಯೋರೇ ಅಲ್ವಾ, ಒಕ್ಕಲಿಗರು ಲಿಂಗಾಯತರು ಮುಸ್ಲಿಮರು ಎಲ್ಲಿ ಅಂತ ಮಹಾರಾಜರ ಹತ್ರಾನೇ ಹೋಗಿ ಕೇಳಿದ್ರು. ನಾಲ್ವಡಿಯವರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಕಮಿಟಿ ಮಾಡಿದ್ರು, 1919ರಲ್ಲಿ ವರದಿ ಬಂತು. ಏಳು ವರ್ಷದ ಒಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಕನಿಷ್ಠ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಬರ್ಬೇಕು ಅಂತ. 1921ರಲ್ಲಿ ಸರ್ಕಾರಿ ಆದೇಶಾನೂ ಆಯ್ತು. ಕಮಿಟಿ ಮಾಡೋವಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರ್ಲಿಲ್ಲ, ದಕ್ಷತೆ ಹಾಳಾಗುತ್ತೆ ಅನ್ನೋದು ಅವರ ವಾದ, ದಿವಾನಗಿರಿ ಬಿಟ್ಟು ಹೋಗೋದಕ್ಕೆ ಅದೂ ಒಂದು ಕಾರಣ. ನಿಮ್ಮ ವಾಕಿಂಗ್ ಗ್ರೂಪಿನ ಎರಡೂ ಪಾರ್ಟಿಗೂ ಅವತ್ತೇ ವಕೀಲರು ಇದ್ರು ಅನ್ನಿ.

ನನ್ನ ಅಭಿಪ್ರಾಯ ಕೇಳಿದ್ರೆ, ಕೆಲಸ ಯಾರಿಗೆ ಸಿಕ್ತು ಅನ್ನೋದಕ್ಕಿಂತ ಆ ಆಫೀಸಿಗೆ ಯಾರು ಧೈರ್ಯವಾಗಿ ಕಾಲಿಟ್ರು ಅನ್ನೋದು ದೊಡ್ಡದು. 1974ರಲ್ಲಿ ದೇವರಾಜ ಅರಸು ಕಾಲದಲ್ಲಿ ಉಳೋ ಗೇಣಿದಾರನಿಗೇ ಭೂಮಿ ಕೊಡೋಕೆ ಅಂತ ಬಂದ ಭೂ ನ್ಯಾಯಮಂಡಳಿ ತಗೊಳಿ. ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಪಕ್ಕದಲ್ಲಿ ಸರ್ಕಾರ ನೇಮಕ ಮಾಡಿದ ಸದಸ್ಯರು, ಅವರಲ್ಲಿ ಒಬ್ಬರಾದ್ರೂ ಪರಿಶಿಷ್ಟ ಜಾತಿ ಅಥವಾ ಪಂಗಡದೋರು ಇರ್ಲೇಬೇಕು, ಮೇಲಿಂದ ಲಾಯರಿಗೆ ಒಳಗೆ ಪ್ರವೇಶ ಇಲ್ಲ. ಅರ್ಜಿ ಫಾರಂ ನಂಬರ್ 7 ಕೈಲಿ ಹಿಡ್ಕೊಂಡು ಬಂದ ಗೇಣಿದಾರ ಧಣಿ ಎದುರಿಗೇ ನಿಂತು "ಈ ಗದ್ದೆ ನಾನೇ ಉಳ್ತಿರೋದು" ಅನ್ಬೇಕಿತ್ತು. ಬೆಂಚಲ್ಲಿ ಕೂತಿರೋರೆಲ್ಲ ಧಣಿ ಕಡೆಯೋರೇ ಆಗಿದ್ರೆ ಬಾಯಿ ಬರ್ತಿತ್ತಾ ಅವನಿಗೆ? ಎಲ್ಲಾ ತಾಲ್ಲೂಕಲ್ಲೂ ಒಂದೇ ಥರ ನಡೀಲಿಲ್ಲ ಬಿಡಿ, ಸದಸ್ಯರೇ ಧಣಿ ಜೇಬಲ್ಲಿದ್ದ ಕಡೆ ಬೆಂಚಲ್ಲಿ ಯಾರಿದ್ರೂ ಅಷ್ಟೇ.

ನಾನು ಕೆಎಎಸ್‌ಗೆ ಓದಾಕತ್ತೀನಿ. ನಮ್ಮ ಕಡಿ 371ಜೆ ಐತಿ, ಬೆಂಗಳೂರಿನ ಫ್ರೆಂಡ್ಸ್ ಅದನ್ನ ಹಿಡದು ಚೇಷ್ಟಿ ಮಾಡ್ತಾರ. ನಮ್ಮ ಭಾಗದವರ ನಮ್ಮ ಆಫೀಸಿನ್ಯಾಗ ಇದ್ರ ಕೆಲಸ ಚೊಲೋ ಆಗ್ತದ ಅನ್ನೋದಕ್ಕ ಏನರ ಪುರಾವೆ ಐತೇನ್ರಿ?
— ಸಿಂಧನೂರು

ಪುರಾವೆ ಇದೆ ತಂಗಿ, ತೊಂದರೆ ಏನಪ್ಪಾ ಅಂದ್ರೆ ಎರಡೂ ಕಡೆಗೆ ಇದೆ.

ಮೊದಲು ಹಿನ್ನೆಲೆ ಗೊತ್ತಿಲ್ಲದ ಓದುಗರಿಗೆ. ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು, 2013ರಲ್ಲಿ ಜಾರಿ ಆಯ್ತು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ (ಈಗ ವಿಜಯನಗರಾನೂ ಸೇರಿ) ಜಿಲ್ಲೆಗಳಲ್ಲಿ ಸ್ಥಳೀಯ ಹುದ್ದೆಗಳಲ್ಲಿ ಎ ಮತ್ತು ಬಿ ಗ್ರೂಪಿಗೆ ಶೇ. 75, ಸಿ ಗ್ರೂಪಿಗೆ ಶೇ. 80, ಡಿ ಗ್ರೂಪಿಗೆ ಶೇ. 85 ಆ ಭಾಗದೋರಿಗೇ ಮೀಸಲು. ಇದು ಹೊಸಾ ಬೇಡಿಕೆನೂ ಅಲ್ಲ, ನಿಜಾಮರ ಕಾಲದಲ್ಲೇ ಮುಲ್ಕಿ ನಿಯಮ ಇತ್ತು, ಹೈದರಾಬಾದ್ ಸಂಸ್ಥಾನದಲ್ಲಿ 15 ವರ್ಷ ಇದ್ದೋನಿಗೆ ಮಾತ್ರ ಸರ್ಕಾರಿ ನೌಕರಿ ಅಂತ. ವಿಚಿತ್ರ ಅಂದ್ರೆ ಆ ನಿಯಮ ಇದ್ದ ಕಾಲದಲ್ಲೂ ರಾಯಚೂರಿನ ರೈತನಿಗೆ ಕಚೇರಿ ಭಾಷೆ ಉರ್ದು, ಅವನ ಹೊಲದ ಕಾಗದ ಅವನಿಗೇ ಓದೋಕೆ ಬರ್ತಿರ್ಲಿಲ್ಲ. ಮುಲ್ಕಿ ಅಂತ ಕೂತಿದ್ದೋರು ಅದೇ ಸಂಸ್ಥಾನದೋರು ಹೌದು, ಆದ್ರೆ ಈ ರೈತನ ಪಾಲಿಗೆ ಅವರು ಹೊರಗಿನೋರೇ.

ಈಗ ಪುರಾವೆ. ಐಎಎಸ್‌ನಲ್ಲಿ ಹೊರ ರಾಜ್ಯದೋರು ಇಬ್ಬರು ಬಂದ್ರೆ ಅದೇ ರಾಜ್ಯದೋರು ಒಬ್ಬರು ಅನ್ನೋ ಲೆಕ್ಕ ಇದೆಯಲ್ಲ, ಅದನ್ನ ಹಿಡ್ಕೊಂಡು 2018ರ ಸುಮಾರಿಗೆ ಎರಡು ಬೇರೆ ಬೇರೆ ಅಧ್ಯಯನ ಬಂದ್ವು. ಒಂದರಲ್ಲಿ ಸ್ವಂತ ರಾಜ್ಯದ ಅಧಿಕಾರಿಗಳು ಇದ್ದ ಜಿಲ್ಲೆಗಳಲ್ಲಿ ಹಳ್ಳಿಗಳಿಗೆ ಹೈಸ್ಕೂಲು ಜಾಸ್ತಿ ಬಂದಿದ್ವು, ಆದ್ರೆ ಎಲ್ಲಾ ಕಡೆ ಅಲ್ಲ, ಜನ ಓದುಬರಹ ಕಲಿತು ಪೇಪರ್ ಓದಿ ಅಧಿಕಾರಿನ ಕೇಳೋ ಅಂಥ ಕಡೆ ಮಾತ್ರ. ಇನ್ನೊಂದರಲ್ಲಿ ಸ್ವಂತ ರಾಜ್ಯದಲ್ಲೇ ಪೋಸ್ಟಿಂಗ್ ಸಿಕ್ಕಿದೋರು ರಾಜಕಾರಣಿಗಳ ಒತ್ತಡಕ್ಕೆ ಬೇಗ ಬಗ್ಗುತಾರೆ, ಭ್ರಷ್ಟರು ಅನ್ನೋ ಹೆಸರೂ ಅವರಿಗೇ ಜಾಸ್ತಿ ಅಂತ ಬಂತು, ಅದೂ ಮೊದಲೇ ಭ್ರಷ್ಟಾಚಾರ ಹೆಚ್ಚಿರೋ ರಾಜ್ಯಗಳಲ್ಲಿ ಎದ್ದು ಕಾಣುತ್ತಂತೆ. ಎರಡೂ ಒಟ್ಟಿಗೆ ಓದಿದ್ರೆ ನಂಗೆ ವಿರೋಧ ಕಾಣಲ್ಲ. ಊರಿನೋನಿಗೆ ಊರು ಗೊತ್ತು, ಯಾವ ಹಳ್ಳಕ್ಕೆ ಸೇತುವೆ ಬೇಕು ಅಂತಾನೂ ಗೊತ್ತು, ಯಾವ ಕಂಟ್ರಾಕ್ಟರ್ ಯಾರ ಅಳಿಯ ಅಂತಾನೂ ಗೊತ್ತು. ಎರಡನೇದನ್ನ ಯಾತಕ್ಕೆ ಬಳಸ್ತಾನೆ ಅನ್ನೋದು ಅವನ ಮೇಲೆ ಯಾರು ಕಣ್ಣಿಟ್ಟಿದಾರೆ ಅನ್ನೋದರ ಮೇಲೆ ಹೋಗುತ್ತೆ. ಚುನಾವಣಾ ಆಯೋಗ ಎಲೆಕ್ಷನ್ ಡ್ಯೂಟಿ ಅಧಿಕಾರಿಗಳನ್ನ ಸ್ವಂತ ಜಿಲ್ಲೆಯಿಂದ ಎತ್ತಂಗಡಿ ಮಾಡ್ಸೋದೂ ಇದೇ ಕಾರಣಕ್ಕೆ.

ಫ್ರೆಂಡ್ಸ್ ಚೇಷ್ಟೆ ಮಾಡಿದ್ರೆ ರಾಯಚೂರು ಜಿಲ್ಲೆಗೆ ಪೋಸ್ಟಿಂಗ್ ಆದ ಕೂಡ್ಲೇ ಬೆಂಗಳೂರಿಗೆ ಟ್ರಾನ್ಸ್‌ಫರ್ ಲೆಟರ್ ಹಿಡ್ಕೊಂಡು ಓಡಾಡೋರು ಎಷ್ಟು ಜನ ಅಂತ ಅವರನ್ನೇ ಕೇಳು. ಖಾಲಿ ಕುರ್ಚಿಗಿಂತ ನೀನು ಕೂತಿರೋ ಕುರ್ಚಿ ವಾಸಿ. ಚೆನ್ನಾಗಿ ಓದು.

ಗಂಡನ ಮನೇಲಿ ಹೊಡೆತ ತಡೀಲಾರದೆ ಸ್ಟೇಷನ್ನಿಗೆ ಹೋದೆ. ಅಲ್ಲಿ ಲೇಡಿ ಪೊಲೀಸ್ ಇದ್ರು, ಧೈರ್ಯ ಬಂತು. ಆದ್ರೆ ಅವರೇ "ಎಲ್ಲರ ಮನೇಲೂ ಇದ್ದಿದ್ದೇ, ಅಡ್ಜಸ್ಟ್ ಮಾಡ್ಕೊಳಮ್ಮ" ಅಂದ್ರು. ಹೆಂಗಸರಿದ್ರೆ ಹೆಂಗಸರಿಗೆ ನ್ಯಾಯ ಸಿಗುತ್ತೆ ಅನ್ನೋದು ಸುಳ್ಳಾ?
— ದಾವಣಗೆರೆ

ಪೂರ್ತಿ ಸುಳ್ಳಲ್ಲ, ಆದ್ರೆ ಹೆಂಗಸು ಅಂತ ಒಬ್ಬರನ್ನ ಕೂರಿಸಿದ್ರೆ ಮುಗೀತು ಅನ್ನೋದು ಸುಳ್ಳು. ಮಧ್ಯಪ್ರದೇಶದಲ್ಲಿ 180 ಪೊಲೀಸ್ ಠಾಣೆ ತಗೊಂಡು ದೊಡ್ಡ ಪ್ರಯೋಗ ಮಾಡಿದ್ರು, 2022ರಲ್ಲಿ ಅದರ ಫಲಿತಾಂಶ ಬಂತು. ಮಹಿಳೆಯರಿಗೆ ಅಂತಾನೇ ಬೇರೆ ಹೆಲ್ಪ್ ಡೆಸ್ಕ್, ಟ್ರೇನಿಂಗು, ಏನು ಮಾಡ್ಬೇಕು ಅಂತ ಬರೆದಿಟ್ಟ ಕ್ರಮ, ಇಷ್ಟೂ ಕೊಟ್ಟ ಠಾಣೆಗಳಲ್ಲಿ ಹೆಂಗಸರ ದೂರು ದಾಖಲಾಗೋದು ಜಾಸ್ತಿ ಆಯ್ತು, ಅದರಲ್ಲೂ ಎಫ್‌ಐಆರ್ ಹೆಚ್ಚಾಗಿದ್ದು ಡೆಸ್ಕಿಗೆ ಮಹಿಳಾ ಅಧಿಕಾರಿಗಳನ್ನೇ ಹಾಕಿದ್ದ ಕಡೆ. ಅಂದ್ರೆ ಹೆಂಗಸೂ ಬೇಕು, ಅವರಿಗೆ ಅಧಿಕಾರಾನೂ ಬೇಕು. ನಿಮಗೆ ಸಿಕ್ಕ ಆ ಪೇದೆ ಹಿಂದೆ ಡೆಸ್ಕೂ ಇರ್ಲಿಲ್ಲ, ಕೇಸ್ ತಗೊಂಡ್ರೆ ಮೇಲಿನೋರು ಏನಂತಾರೋ ಅನ್ನೋ ಭಯಾನೂ ಇತ್ತೇನೋ, ಇಡೀ ಸ್ಟೇಷನ್ನಲ್ಲಿ ಒಬ್ಬರೇ ಹೆಂಗಸಾಗಿದ್ರೆ ಅಲ್ಲಿನ ಗಂಡಸರ ಮಾತೇ ಅವರ ಬಾಯಲ್ಲೂ ಬರೋದು ನಾನು ನೋಡಿದೀನಿ. ಅದು ಅವರ ಪರ ವಕಾಲತ್ತಲ್ಲ, ಅವರು ಹೇಳಿದ್ದು ತಪ್ಪೇ.

ನೀವು ಈಗ ಮಾಡ್ಬೇಕಾಗಿರೋದು: ನಿಮ್ಮ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಹೋಗಿ, 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಪ್ರಕಾರ ಸಂರಕ್ಷಣಾಧಿಕಾರಿ ಅವರೇ. 181ಕ್ಕೆ ಫೋನ್ ಮಾಡಬಹುದು. ಠಾಣೇಲಿ ದೂರು ತಗೊಳ್ಳಲ್ಲ ಅಂದ್ರೆ ಅದೇ ದೂರನ್ನ ಬರೆದು ಎಸ್‌ಪಿಯವರಿಗೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ, ರಸೀದಿ ಇಟ್ಕೊಳಿ. ಮೈಮೇಲೆ ಗಾಯ ಇದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಗಾಯದ ಬಗ್ಗೆ ಡಾಕ್ಟರು ಪೊಲೀಸ್ ಕೇಸಿಗೆ ಬರೆಯೋ ದಾಖಲೆ) ಮಾಡ್ಸಿ, ಮಿಕ್ಕಿದ್ದೆಲ್ಲ ಆಮೇಲೆ.

ಇಲ್ಲಿಯ ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟರೆ ಗುಮಾಸ್ತರು ಓದಲು ಬರುವುದಿಲ್ಲ, ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎನ್ನುತ್ತಾರೆ. ಏನು ಮಾಡುವುದು?
— ಕಾಸರಗೋಡು

1956ರಲ್ಲಿ ಕೇರಳಕ್ಕೆ ಸೇರಿದಾಗಿಂದ ಇದೇ ಕತೆ ಅಲ್ವಾ ನಿಮ್ಮದು. ಸಂವಿಧಾನದ 350ನೇ ವಿಧಿ ಹೇಳೋದು ಏನಂದ್ರೆ, ಕುಂದುಕೊರತೆ ಮನವಿನ ಆ ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೇಲಾದ್ರೂ ಯಾವ ಅಧಿಕಾರಿಗಾದ್ರೂ ಕೊಡಬಹುದು. ಹಾಗಾಗಿ ವಾಪಸ್ ತಗೋಬೇಡಿ, ಸ್ವೀಕೃತಿ ಕೇಳಿ, ಕೊಡದಿದ್ರೆ ಪೋಸ್ಟಲ್ಲಿ ಕಳಿಸಿ, 350ಬಿ ಅಡಿ ಇರೋ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಒಂದು ಪ್ರತಿ ಹಾಕಿ. ಕೇರಳ ಪಿಎಸ್‌ಸಿ ನಿಮ್ಮ ಜಿಲ್ಲೆಗೆ ಅಂತ ಕನ್ನಡ ಮಲಯಾಳ ಎರಡೂ ಬಲ್ಲ ಕ್ಲರ್ಕ್ ಹುದ್ದೆ ಬೇರೆಯಾಗೇ ಕರೆಯುತ್ತೆ, ಆ ಹುದ್ದೇಲಿ ಈಗ ಯಾರಿದಾರೆ, ಎಷ್ಟು ಖಾಲಿ ಅಂತ ಆರ್‌ಟಿಐ ಹಾಕಿ ನೋಡಿ. ನಿಮ್ಮ ಹುಡುಗರಿಗೆ ಆ ಪರೀಕ್ಷೆ ಕಟ್ಟೋಕೂ ಹೇಳಿ. ಬೆಂಗಳೂರಲ್ಲಿ ಕೂತು ಕಾಸರಗೋಡಿನ ಬಗ್ಗೆ ಭಾಷಣ ಮಾಡೋರು ಬೇಕಾದಷ್ಟು ಜನ ಇದಾರೆ, ಆ ಕೌಂಟರ್ ಹಿಂದೆ ಕನ್ನಡ ಬರೋ ಒಬ್ಬ ಕ್ಲರ್ಕ್ ಇದ್ರೆ ಸಾಕಿತ್ತು.

ಸರ್ಕಾರಿ ಸ್ಕೂಲಲ್ಲಿ ಬಿಸಿಯೂಟ ಅಡುಗೆ ಕೆಲಸ ನಂದು. ಇದೇ ಊರಲ್ಲಿ ಹುಟ್ಟಿ ಬೆಳೆದೋಳು. ನಾನು ಬಂದ ಮೇಲೆ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರ್ತಾವೆ, ಅವರಪ್ಪ ಅಮ್ಮ ಹೇಳ್ಕೊಟ್ಟಿರೋದು. ಹೆಡ್‌ಮಾಸ್ತರು "ಸ್ವಲ್ಪ ದಿನ ನೀನು ಪಾತ್ರೆ ತೊಳಿ, ಅಡುಗೆ ಅವರು ಮಾಡ್ಲಿ" ಅಂತಾರೆ.
— ಚಾಮರಾಜನಗರ ಜಿಲ್ಲೆ

ಪಾತ್ರೆ ಕಡೆಗೆ ಹೋಗ್ಬೇಡಿ ಅಕ್ಕ. ಒಂದು ಸಲ ಹೋದ್ರೆ ಅದೇ ಪರ್ಮನೆಂಟ್.

ಅಂಗನವಾಡಿಗೆ, ಬಿಸಿಯೂಟಕ್ಕೆ, ಆಶಾ ಕೆಲಸಕ್ಕೆ ಅದೇ ಊರಿನ ಹೆಣ್ಮಕ್ಕಳನ್ನೇ ತಗೋಬೇಕು ಅಂತ ಸರ್ಕಾರ ಮಾಡಿದ್ದು ಯಾಕೆ? ಊರಿನೋರಾದ್ರೆ ಜನ ನಂಬ್ತಾರೆ, ಮನೆ ಬಾಗಿಲು ತೆಗೀತಾರೆ ಅಂತ. ಆ ಲೆಕ್ಕ ಮಾಡ್ದೋರು ಊರು ಅಂದ್ರೆ ಒಂದೇ ಬೀದಿ ಅಂದ್ಕೊಂಡಿದ್ರು ಅಂತ ಕಾಣುತ್ತೆ. ನೀವು ಕೇರಿಯೋರು ಅಂತ ಗೊತ್ತಿರೋದೂ ಊರಿನೋರು ಅನ್ನೋ ಕಾರಣಕ್ಕೇ, ಬೇರೆ ಜಿಲ್ಲೆಯಿಂದ ಬಂದಿದ್ರೆ ಯಾರಿಗೂ ಗೊತ್ತಾಗ್ತಾನೇ ಇರ್ಲಿಲ್ಲ.

ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ, ಶಾಲೆ ಊಟದ ಅಡುಗೆಯೋರು ಸಹಾಯಕರನ್ನ ತಗೊಳೋವಾಗ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದೋರಿಗೆ ಆದ್ಯತೆ ಕೊಡಿ ಅಂತ. ಅಂದ್ರೆ ನೀವು ಅಲ್ಲಿರೋದು ಯಾರ ದಯೆಯಿಂದಾನೂ ಅಲ್ಲ. ಹೆಡ್‌ಮಾಸ್ತರು ಬಾಯಲ್ಲಿ ಹೇಳಿದ್ದನ್ನ ಬರೆದುಕೊಡಿ ಅನ್ನಿ, ಬರೆದುಕೊಡಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗೂ (ಬಿಇಒ) ತಾಲ್ಲೂಕು ಸಮಾಜ ಕಲ್ಯಾಣಾಧಿಕಾರಿಗೂ ಅರ್ಜಿ ಹಾಕಿ, ಜಾತಿ ನೋಡಿ ಕೆಲಸ ಬದಲಾಯಿಸೋದು ಪರಿಶಿಷ್ಟ ಜಾತಿ ಪಂಗಡದೋರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಕೆಳಗೆ ಬರಬಹುದು ಅಂತ ಅದರಲ್ಲಿ ಒಂದು ಸಾಲು ಇರ್ಲಿ. ಮತ್ತೆ ಆ ಹೆಡ್‌ಮಾಸ್ತರು ಈ ಅಂಕಣ ಓದ್ತಿದ್ರೆ ಅವರಿಗೆ: ಸಾರ್, ದಿನಾ ಮಧ್ಯಾಹ್ನ ಮಕ್ಕಳ ಪಂಕ್ತೀಲಿ ಮೊದಲನೇ ತಟ್ಟೆ ನೀವು ಹಿಡೀರಿ, ಟೀಚರ್ಸ್‌ನೂ ಕೂರಿಸಿ. ನಿಮ್ಮ ಮಾತು ಕೇಳದ ಅಪ್ಪ ಅಮ್ಮ ಇರಬಹುದು, ನೀವು ಉಣ್ಣೋದನ್ನ ನೋಡಿದ ಮಕ್ಕಳು ಮನೇಲಿ ಹೋಗಿ ಹೇಳೇ ಹೇಳ್ತಾವೆ.

"ನೀವು ನಮ್ಮೋರು ಅಂತ ಕಮ್ಮಿ ಹೇಳೇನಿ" ಅಂತ ಆಫೀಸರ್ ಐದು ಸಾವಿರ ಕೇಳ್ಯಾರ. ಕೊಡ್ಲೇನು?
— ಹುಬ್ಬಳ್ಳಿ

ಬೇಡ. ಸಂಬಂಧ ಹೇಳಿ ಡಿಸ್ಕೌಂಟ್ ಕೊಡೋಕೆ ಅದೇನು ಸೀರೆ ಅಂಗಡಿನಾ? ನಿಮ್ಮ ಅರ್ಜಿಗೆ ಸಕಾಲ (ಸರ್ಕಾರಿ ಕೆಲಸಕ್ಕೆ ಗಡುವು ಹಾಕಿರೋ ಕಾಯ್ದೆ) ನಂಬರ್ ಬಿದ್ದಿದೆಯಾ ನೋಡಿ, ಇಲ್ಲ ಅಂದ್ರೆ ಮೊದಲು ಹಾಕಿಸ್ಕೊಳಿ. ಗಡುವು ಮೀರಿದ್ರೆ ದಿನಕ್ಕೆ 20 ರೂಪಾಯಿ ಹಾಗೆ 500ರವರೆಗೆ ಪರಿಹಾರ ನಿಮಗೆ ಬರ್ಬೇಕು, ಅಂದ್ರೆ ದುಡ್ಡು ಬರ್ಬೇಕಾಗಿರೋದು ಆ ಕಡೆಯಿಂದ ಈ ಕಡೆಗೆ. ದುಡ್ಡು ಕೇಳಿದ್ದಕ್ಕೆ ಲೋಕಾಯುಕ್ತದಲ್ಲಿ ದೂರು ಕೊಡಿ, ಅದೂ ಕೊಡೋಕೆ ಮುಂಚೆನೇ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡೋದೂ ಅಪರಾಧ, ಬಲವಂತಕ್ಕೆ ಕೊಟ್ಟೆ ಅಂದ್ರೂ ಏಳು ದಿನದ ಒಳಗೆ ಹೋಗಿ ಹೇಳಿರ್ಬೇಕು, ಇಲ್ಲಾಂದ್ರೆ ಆ ನಮ್ಮೋರ ಜೊತೆ ನಿಮ್ಮ ಮೇಲೂ ಕೇಸು.